ಹಳೆಯ ಕಾರಿನ ಅಡಿಯಲ್ಲಿ ಸದ್ದು: ಹುಡುಕುವ ಕ್ರಮ



ಕಾಫಿ, ಅಡಿಕೆಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಕಾರಿನ ಪಾಠವೇಕೆ ಎಂದು ಕೆಲವರು ಕೇಳಬಹುದು. ಕಾರಣ ಸರಳವಾಗಿದೆ. ರಾಮಾಪುರದ ಸುತ್ತಿನ ಸಣ್ಣ ಬೆಳೆಗಾರನಿಗೆ ಗಾಡಿಯೆಂಬುದು ಭೋಗದ ವಸ್ತುವಲ್ಲ. ಗೊಬ್ಬರ ತರುವುದು, ಮೋಟಾರು ಸುಟ್ಟರೆ ಕೊಂಡೊಯ್ಯುವುದು, ಕೌದಳ್ಳಿ, ಹನೂರು ದಾಟಿ ಕೊಳ್ಳೇಗಾಲದ ಆಸ್ಪತ್ರೆಗೆ ಮನೆಯವರನ್ನು ಕರೆದೊಯ್ಯುವುದು, ಎಲ್ಲವೂ ಅದರಿಂದಲೇ. ಹೊಸ ಗಾಡಿ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಆದುದರಿಂದ ಇಪ್ಪತ್ತು, ಮೂವತ್ತು ವರ್ಷದ ಗಾಡಿಗಳು ನಮ್ಮ ಅಂಗಳಗಳಲ್ಲಿ ಇನ್ನೂ ದುಡಿಯುತ್ತಿವೆ.

ಇಂಥ ಗಾಡಿಗಳ ಒಡೆಯರು ಮಾಡುವ ಖರ್ಚಿನಲ್ಲಿ ಬಹುಪಾಲು ವ್ಯರ್ಥವಾಗುವುದು ಒಂದೇ ಕಾರಣದಿಂದ: ಅಡಿಯಿಂದ ಬರುವ ಸದ್ದಿನ ಮೂಲ ಯಾವುದೆಂದು ತಿಳಿಯದೆ ಸಾಮಾನು ಬದಲಾಯಿಸುವುದು. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಬಾಡಿದರೆ ಅನುಭವಿ ಬೆಳೆಗಾರ ತಕ್ಷಣ ಎಲೆಗೆ ಔಷಧಿ ಹೊಡೆಯುವುದಿಲ್ಲ. ಕಾಂಡವನ್ನು ಸವರಿ, ತೊಗಟೆಯ ಮೇಲೆ ಉಬ್ಬಿದ ಗೆರೆ ಇದೆಯೇ, ಒಳಗೆ ಬಿಳಿ ಕಾಂಡಕೊರಕ ಸೇರಿದೆಯೇ ಎಂದು ನೋಡುತ್ತಾನೆ. ಲಕ್ಷಣ ಕಾಣುವ ಜಾಗ ಬೇರೆ, ರೋಗವಿರುವ ಜಾಗ ಬೇರೆ. ಗಾಡಿಯ ಸದ್ದಿಗೂ ಇದೇ ನಿಯಮ. ಮೊದಲು ಹುಡುಕಬೇಕು, ಆಮೇಲೆ ಬಿಚ್ಚಬೇಕು. ಈ ಲೇಖನದ ಸಾರವೆಲ್ಲ ಇಷ್ಟೇ; ಉಳಿದದ್ದು ಹುಡುಕುವ ಕ್ರಮ.

ಅಡಿಯಲ್ಲಿ ಏನಿದೆ?

ಚಕ್ರಕ್ಕೂ ಬಾಡಿಗೂ ನಡುವೆ ಇರುವುದು ಮೂರು ಬಗೆಯ ವಸ್ತು. ಭಾರ ಹೊರುವ ಸ್ಪ್ರಿಂಗು, ಕುಣಿತವನ್ನು ಅಡಗಿಸುವ ಷಾಕ್ ಅಬ್ಸಾರ್ಬರು, ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವ ತೋಳು ಮತ್ತು ಕೀಲುಗಳು. ಕಬ್ಬಿಣಕ್ಕೆ ಕಬ್ಬಿಣ ತಾಗಬಾರದೆಂದು ಕೀಲುಗಳಲ್ಲಿ ರಬ್ಬರಿನ ಬುಷ್ ಇರುತ್ತದೆ, ಇಲ್ಲವೇ ಗ್ರೀಸು ಇರುತ್ತದೆ. ರಬ್ಬರು ಹರಿದಾಗ ಅಥವಾ ಗ್ರೀಸು ಒಣಗಿದಾಗ ಹುಟ್ಟುವುದೇ ಸದ್ದು.

ನಮ್ಮಲ್ಲಿರುವ ಹಳೆಯ ಗಾಡಿಗಳನ್ನು ಮೂರು ಗುಂಪು ಮಾಡಬಹುದು. ಹಳೆಯ ಮಹೀಂದ್ರ ಜೀಪುಗಳಿಗೆ ಹಿಂದೆ ಮುಂದೆ ಎರಡು ಕಡೆಯೂ ಪಟ್ಟಿಗಳನ್ನು ಪೇರಿಸಿದ ಬ್ಲೇಡ್ ಸೆಟ್ಟು. 2014ರ ವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್‌ಗೆ ಹಿಂದೆ ಬ್ಲೇಡ್ ಸೆಟ್ಟು, ಮುಂದೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್. 1983ರ ಡಿಸೆಂಬರ್‌ನಲ್ಲಿ ಮೊದಲು ರಸ್ತೆಗಿಳಿದು 2014ರಲ್ಲಿ ತಯಾರಿ ನಿಂತ ಮಾರುತಿ 800ಕ್ಕೆ ಮುಂದೆ ಸ್ಪ್ರಿಂಗೂ ಷಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ ಕೂಡಿಕೊಂಡಿರುವ ಸ್ಟ್ರಟ್. ಇದನ್ನು ರೂಪಿಸಿದವರು ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್, 1940ರ ದಶಕದಲ್ಲಿ. ನಿಮ್ಮ ಗಾಡಿ ಯಾವ ಗುಂಪಿನದೆಂದು ಒಮ್ಮೆ ಬಗ್ಗಿ ನೋಡಿ ತಿಳಿದಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ಬರೆದಿಡಿ

ಮೆಕ್ಯಾನಿಕ್‌ನ ಮುಂದೆ ನಿಂತು “ಏನೋ ಸದ್ದು ಬರ್ತದೆ ನೋಡಪ್ಪ” ಎಂದರೆ ಅವನು ತಾನೇ ಏನು ಮಾಡಿಯಾನು? ತನಗೆ ವಾಡಿಕೆಯಾದ ಸಾಮಾನನ್ನು ಬದಲಾಯಿಸುತ್ತಾನೆ. ತಪ್ಪು ಅವನೊಬ್ಬನದಲ್ಲ. ವೈದ್ಯರಿಗೆ ಜ್ವರ ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂದು ಹೇಳುವ ಹಾಗೆ ಗಾಡಿಯ ವಿಚಾರವನ್ನೂ ಹೇಳಬೇಕು. ಒಂದು ಕಾಗದದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ:

1. ಸದ್ದು ಹಳ್ಳಕ್ಕೆ ಇಳಿದಾಗ ಬರುತ್ತದೆಯೋ, ನುಣುಪು ರಸ್ತೆಯಲ್ಲೂ ಬರುತ್ತದೆಯೋ?
2. ವೇಗ ಹೆಚ್ಚಿದಂತೆ ಸದ್ದೂ ಬೇಗ ಬೇಗ ಬರುತ್ತದೆಯೋ?
3. ಬ್ರೇಕ್ ಒತ್ತಿದಾಗ ನಿಲ್ಲುತ್ತದೆಯೋ, ಒತ್ತಿದಾಗಲೇ ಬರುತ್ತದೆಯೋ?
4. ಸ್ಟೀರಿಂಗ್ ತಿರುಗಿಸಿದಾಗ ಉಂಟೋ? ಯಾವ ಕಡೆಗೆ?
5. ಹೊರಡುವಾಗ, ರಿವರ್ಸ್ ಹಾಕಿದಾಗ ಒಂದೇ ಸಲ ಬರುತ್ತದೆಯೋ?
6. ಒಬ್ಬರೇ ಇದ್ದಾಗ ಬರುವ ಸದ್ದು ಭಾರ ಹೇರಿದಾಗ ಏನಾಗುತ್ತದೆ?
7. ಮಳೆಯಲ್ಲಿ ನೆನೆದ ದಿನ ಇದೆಯೋ, ಒಣ ಬಿಸಿಲಿನಲ್ಲಿ ಮಾತ್ರವೋ?

ಎರಡನೆಯ ಪ್ರಶ್ನೆ ಬಹಳ ಮುಖ್ಯ. ನುಣುಪು ರಸ್ತೆಯಲ್ಲಿ ವೇಗದೊಡನೆ ಲೆಕ್ಕವಿಟ್ಟಂತೆ ಹೆಚ್ಚುವ ಸದ್ದು ಸುತ್ತುವ ಭಾಗದ್ದು, ಸ್ಪ್ರಿಂಗಿನದಲ್ಲ. ಟೈರಿನಲ್ಲಿ ಸಿಕ್ಕ ಕಲ್ಲು, ಸಡಿಲವಾದ ಚಕ್ರದ ನಟ್ಟು, ಚಕ್ರದ ಬೇರಿಂಗು, ಜೀಪು ಮತ್ತು ಅಂಬಾಸಿಡರ್‌ಗಳಲ್ಲಾದರೆ ಪ್ರೊಪೆಲ್ಲರ್ ಷಾಫ್ಟಿನ ಕ್ರಾಸ್, ಇವನ್ನು ನೋಡಬೇಕು. ಮಾರುತಿಯಂಥ ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಅದು ಡ್ರೈವ್ ಷಾಫ್ಟಿನ ಹೊರಕೀಲು. ಇಂಥ ಸದ್ದಿಗೆ ಷಾಕ್ ಅಬ್ಸಾರ್ಬರು ಬದಲಾಯಿಸಿ ಪ್ರಯೋಜನವಿಲ್ಲ.

ಸದ್ದಿನ ಬಗೆ

ನಮ್ಮ ಭಾಷೆಯಲ್ಲಿ ಸದ್ದಿಗೆ ಪದಗಳು ಧಾರಾಳವಾಗಿವೆ. ಅವನ್ನು ಅಳತೆಯಿಂದ ಬಳಸಿದರೆ ಕೆಲಸ ಸುಲಭ.

‘ಕೀಚ್ ಕೀಚ್’ ಅಥವಾ ‘ಕಿರ್’: ಒಣಗಿದ ರಬ್ಬರು, ಇಲ್ಲವೇ ತುಕ್ಕು ಹಿಡಿದ ಬ್ಲೇಡುಗಳ ಉಜ್ಜಾಟ. ಸಾಮಾನ್ಯವಾಗಿ ಮಳೆಯಲ್ಲಿ ಕಡಿಮೆಯಾಗುತ್ತದೆ.

‘ಟಕ್’, ಒಂದೇ ಸಲ: ಎಲ್ಲೋ ಒಂದು ಕೀಲಿನಲ್ಲಿ ಸಡಿಲವಿದೆ, ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದಾಗ ತಾಗುತ್ತದೆ.

‘ಕಟಕಟ’, ಸಣ್ಣ ಸಣ್ಣ ಕಲ್ಲಿನ ರಸ್ತೆಯಲ್ಲಿ: ಮುಂದಿನ ಸ್ಟೆಬಿಲೈಸರ್ ಬಾರಿನ ಬುಷ್, ಟೈ ರಾಡಿನ ತುದಿ, ಇಲ್ಲವೇ ಷಾಕ್ ಅಬ್ಸಾರ್ಬರಿನ ಮೇಲ್ತುದಿಯ ರಬ್ಬರು.

‘ಧಡ್’, ದೊಡ್ಡ ಹಳ್ಳದಲ್ಲಿ ಮಾತ್ರ: ಸ್ಪ್ರಿಂಗು ಕುಸಿದು ಅಥವಾ ಷಾಕ್ ಅಬ್ಸಾರ್ಬರು ಸತ್ತು, ಗಾಡಿ ತಡೆರಬ್ಬರಿಗೆ ಬಡಿಯುತ್ತಿದೆ.

‘ಗಡಗಡ’, ತಗಡಿನ ದನಿ: ಬಹುಪಾಲು ಸೈಲೆನ್ಸರು ಅಥವಾ ಅದರ ಕ್ಲಾಂಪು.

ಇವು ದಾರಿ ತೋರಿಸುವ ಸೂಚನೆಗಳು ಮಾತ್ರ, ತೀರ್ಪಲ್ಲ. ಸದ್ದು ಕಬ್ಬಿಣದ ಮೂಲಕ ಹರಿಯುತ್ತದೆ. ಮುಂದೆ ಹುಟ್ಟಿದ್ದು ಹಿಂದಿನ ಸೀಟಿನ ಕೆಳಗೆ ಕೇಳಿಸಿದ್ದುಂಟು. ಆದುದರಿಂದ ಒಳಗೆ ಕುಳಿತವನ ಕಿವಿಯನ್ನು ಪೂರ್ತಿ ನಂಬಬಾರದು.

ಗಾಡಿ ಖಾಲಿ ಮಾಡಿ

ಸ್ಪ್ಯಾನರು ಹಿಡಿಯುವ ಮೊದಲು ಗಾಡಿಯೊಳಗಿನ ಸಾಮಾನನ್ನೆಲ್ಲ ಕೆಳಗಿಳಿಸಿ. ಜಾಕು, ಅದರ ಹಿಡಿ, ಸ್ಟೆಪ್ನಿ, ಹಾರೆ, ಕತ್ತಿ, ಔಷಧಿ ಹೊಡೆಯುವ ಯಂತ್ರದ ನಳಿಕೆ, ಸೀಟಿನ ಕೆಳಗೆ ಉರುಳಿದ ಬೋಲ್ಟು, ಒಂದೂ ಬಿಡಬೇಡಿ. ಬ್ಯಾಟರಿಯನ್ನು ಕೈಯಿಂದ ಅಲುಗಿಸಿ ನೋಡಿ. ಬಾನೆಟ್ಟು, ಡಿಕ್ಕಿಯ ಬಾಗಿಲು, ನಂಬರ್ ಪ್ಲೇಟು ಸಡಿಲವಿವೆಯೇ ನೋಡಿ. ತಣ್ಣಗಿರುವಾಗ ಸೈಲೆನ್ಸರನ್ನು ಮೇಲೆ ಕೆಳಗೆ ಅಲುಗಿಸಿ, ಆಕ್ಸಲಿಗೆ ತಾಗುತ್ತದೆಯೇ ಪರೀಕ್ಷಿಸಿ. ಇಷ್ಟು ಮಾಡಿ ಅದೇ ರಸ್ತೆಯಲ್ಲಿ ಒಮ್ಮೆ ಓಡಿಸಿ. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆಯಲ್ಲೇ ಸದ್ದು ನಿಂತ ಸಂದರ್ಭಗಳನ್ನು ನಾವು ಕಂಡಿದ್ದೇವೆ.

ನಿಂತ ಗಾಡಿಯಲ್ಲಿ ಪರೀಕ್ಷೆ

ಇದಕ್ಕೆ ಇಬ್ಬರು ಬೇಕು. ಸಮತಟ್ಟಾದ ನೆಲದಲ್ಲಿ, ಇಂಜಿನ್ ಆರಿಸಿ, ಸದ್ದು ಕಡಿಮೆಯಿರುವ ಹೊತ್ತಿನಲ್ಲಿ ಮಾಡತಕ್ಕದ್ದು.

ಒಬ್ಬರು ಗಾಡಿಯ ಒಂದೊಂದು ಮೂಲೆಯನ್ನೂ ಕೈಯಿಂದ ಒತ್ತಿ ಬಿಡಬೇಕು. ಒತ್ತಿ ಬಿಟ್ಟ ಮೇಲೆ ಗಾಡಿ ಒಮ್ಮೆ ಏರಿ ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಆ ಮೂಲೆಯ ಷಾಕ್ ಅಬ್ಸಾರ್ಬರಿಗೆ ಆಯುಷ್ಯ ಮುಗಿದಿದೆ. ಒತ್ತುವಾಗ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಕೇಳಬೇಕು. ಇಲ್ಲಿ ನಮ್ಮ ತೋಟದ ಒಂದು ಸಾಮಾನು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಹನಿ ನೀರಾವರಿಯ ಪೈಪಿನ ಮೂರು ಅಡಿ ತುಂಡಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಂದೊಂದು ಕೀಲಿನ ಹತ್ತಿರ ಹಿಡಿದರೆ ವೈದ್ಯರ ಸ್ಟೆತಾಸ್ಕೋಪಿನಂತೆ ಸದ್ದಿನ ಜಾಗ ತಿಳಿಯುತ್ತದೆ. ಕೈಬೆರಳನ್ನು ಕೀಲಿನ ಹೊರಮೈಗೆ ತಾಗಿಸಿದರೂ ‘ಟಕ್’ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಸಂದಿಯೊಳಗೆ ಮಾತ್ರ ಬೆರಳು ಹಾಕಬಾರದು.

ಕೀಚಲು ಸದ್ದಾದರೆ ಒಂದೊಂದೇ ರಬ್ಬರಿನ ಮೇಲೆ ಸ್ವಲ್ಪ ನೀರು ಸುರಿದು ಮತ್ತೆ ಒತ್ತಿ ನೋಡಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಲ್ಲುವುದೋ ಅದೇ ಮೂಲ.

ನಂತರ ಚಕ್ರಗಳು ನೆಲದ ಮೇಲಿರುವಾಗಲೇ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಎರಡೆರಡು ಅಂಗುಲದಷ್ಟು ಬೇಗ ಬೇಗ ಅಲುಗಿಸಲಿ. ಸಡಿಲವಾದ ಟೈ ರಾಡ್ ತುದಿಯಿದ್ದರೆ ಕಣ್ಣಿಗೇ ಕಾಣುತ್ತದೆ.

ಜಾಕ್ ಹಾಕಿದ ಮೇಲೆ

ಇಲ್ಲಿ ಎಚ್ಚರಿಕೆ ಮೊದಲು. ಜಾಕನ್ನು ಮಾತ್ರ ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು. ನೆಲದಲ್ಲಿರುವ ಚಕ್ರಗಳಿಗೆ ಎರಡು ಕಡೆಯೂ ಕಲ್ಲು ಕೊಟ್ಟು, ಎತ್ತಿದ ಜಾಗದಲ್ಲಿ ಸ್ಟ್ಯಾಂಡು ಅಥವಾ ಗಟ್ಟಿ ಮರದ ದಿಮ್ಮಿ ಕೊಡಬೇಕು. ಸೈಜುಗಲ್ಲು, ಇಟ್ಟಿಗೆ, ಹಾಲೋ ಬ್ಲಾಕು ಕೂಡದು. ಅವು ಹೇಳದೆ ಕೇಳದೆ ಒಡೆಯುತ್ತವೆ.

ಎತ್ತಿದ ಮುಂದಿನ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಅಲುಗಿಸಿ. ಆಟವಿದ್ದರೆ ಬೇರಿಂಗು ಇರಬಹುದು, ಇಲ್ಲವೇ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ ಇರಬಹುದು. ಬೇರೆ ಮಾಡುವುದು ಹೇಗೆ? ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕೀಲು. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟವಿದ್ದರೆ ಸ್ಟೀರಿಂಗಿನ ಕೊಂಡಿಗಳನ್ನು ನೋಡಬೇಕು.

ಮಾರುತಿಯಲ್ಲಿ ಚಕ್ರ ನೇತಾಡುವಂತೆ ಎತ್ತಿದರೆ ಬಾಲ್ ಜಾಯಿಂಟಿನ ಸಡಿಲ ತಿಳಿಯುತ್ತದೆ. ಸ್ಪ್ರಿಂಗಿನ ಭಾರ ಕೆಳತೋಳಿನ ಮೇಲಿರುವ ಗಾಡಿಗಳಲ್ಲಿ ಹಾಗಲ್ಲ. ಚಕ್ರ ನೇತಾಡಿದರೆ ಸ್ಪ್ರಿಂಗೇ ಕೀಲನ್ನು ಬಿಗಿ ಹಿಡಿದು ಸಡಿಲವನ್ನು ಮರೆಮಾಡುತ್ತದೆ. ಅಲ್ಲಿ ಜಾಕನ್ನು ತೋಳಿನ ಹೊರತುದಿಯ ಕೆಳಗೆ ಕೊಟ್ಟು ಎತ್ತಬೇಕು. “ಪರೀಕ್ಷೆ ಮಾಡಿದೆವು, ಏನೂ ಇಲ್ಲ” ಎಂಬ ಮಾತು ಬರುವುದು ಹೆಚ್ಚಾಗಿ ಈ ವ್ಯತ್ಯಾಸ ತಿಳಿಯದಿರುವುದರಿಂದ.

ಒಂದು ಉದಾಹರಣೆ

ನಮ್ಮ ಸದಸ್ಯರೊಬ್ಬರ ಹಳೆಯ ಅಂಬಾಸಿಡರ್‌ನ ವಿಚಾರವನ್ನು ಇಲ್ಲಿ ಪಾಠವಾಗಿ ಇಡುತ್ತೇವೆ. ಹಿಂದೆ ಎಡಗಡೆ ‘ಟಕ್’ ಎಂಬ ಸದ್ದು. ಮೊದಲ ಸಲ ಎರಡು ಹಿಂದಿನ ಷಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿದರು. ಸದ್ದು ಹಾಗೇ ಇತ್ತು. ಎರಡನೆಯ ಸಲ ಬ್ಲೇಡ್ ಸೆಟ್ಟಿನ ಎರಡು ತುದಿಯ ಬುಷ್‌ಗಳನ್ನೂ ಹೊಸದು ಮಾಡಿದರು. ಕೆಲವು ವಾರ ಸುಮ್ಮನಿದ್ದು ಮತ್ತೆ ಬಂತು. ಮೂರನೆಯ ಸಲ ಸೈಲೆನ್ಸರಿನ ರಬ್ಬರು. ಕಡೆಗೆ ಬ್ಲೇಡ್ ಸೆಟ್ಟನ್ನೇ ಬದಲಾಯಿಸಬೇಕೆಂಬ ಸಲಹೆ ಬಂದಾಗ ಅವರು ಮುಂಗಡ ಕೇಳಲು ಸಂಘಕ್ಕೆ ಬಂದರು. “ಇದೂ ಆಗ್ದಿದ್ರೆ ಗುಜರಿಗೆ ಕೊಟ್ಬುಡ್ತೀನಿ ಸಾರ್” ಎಂದರು. ಮನೆಯಲ್ಲಿ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ವೃದ್ಧ ತಾಯಿ. ಗಾಡಿ ಹೋದರೆ ಅವರ ಪಾಡೇನು? ಮುಂಗಡದ ಕಾಗದಕ್ಕೆ ಮೊದಲು ಗಾಡಿಯನ್ನೇ ನೋಡೋಣವೆಂದು ನಾವು ಹೇಳಿದೆವು.

ಮೇಲಿನ ಏಳು ಪ್ರಶ್ನೆಗಳನ್ನು ಕೇಳಿದಾಗ ಎರಡು ಸಂಗತಿ ಹೊರಬಿದ್ದವು. ಡಿಕ್ಕಿಯಲ್ಲಿ 50 ಕಿಲೋ ತೂಕದ ಎರಡು ಮೂಟೆ ಇದ್ದ ದಿನ ಹಳ್ಳದಲ್ಲಿ ಸದ್ದು ಬರುತ್ತಿರಲಿಲ್ಲ. ಆದರೆ ಭಾರವಿದ್ದಾಗಲೂ ಇಲ್ಲದಿದ್ದಾಗಲೂ, ರಿವರ್ಸ್ ಹಾಕಿದಾಗ ಒಂದು ಸಲ, ಮತ್ತೆ ಮುಂದಕ್ಕೆ ಹೊರಟಾಗ ಒಂದು ಸಲ ‘ಟಕ್’ ಎನ್ನುತ್ತಿತ್ತು. ಈ ಎರಡನೆಯ ಸಂಗತಿಯನ್ನು ಅವರು ಗ್ಯಾರೇಜಿನಲ್ಲಿ ಹೇಳಿರಲಿಲ್ಲ. ಅಲ್ಲಿ ಯಾರೂ ಕೇಳಿರಲೂ ಇಲ್ಲ.

ಈಗ ಯೋಚಿಸಿ. ಬ್ಲೇಡ್ ಸೆಟ್ಟಿನ ಹಿಂದಿನ ತುದಿ ಷ್ಯಾಕಲ್ ಎಂಬ ತೂಗುವ ಕೊಂಡಿಗೆ ಸಿಕ್ಕಿರುತ್ತದೆ. ಅದು ಹಿಂದೆ ಮುಂದೆ ಆಡಲೇಬೇಕು. ಆದುದರಿಂದ ಚಕ್ರಗಳು ಗಾಡಿಯನ್ನು ತಳ್ಳುವ ಬಲವೆಲ್ಲ ಬಾಡಿಗೆ ತಲುಪುವುದು ಬ್ಲೇಡಿನ ಮುಂದಿನ ತುದಿಯ ಕಣ್ಣಿನ ಮೂಲಕ. ಹೊರಡುವಾಗ, ಹಿಮ್ಮುಖವಾಗುವಾಗ ಬಲದ ದಿಕ್ಕು ಬದಲಾಗುವುದು ಅಲ್ಲಿಯೇ. ಷಾಕ್ ಅಬ್ಸಾರ್ಬರಿಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಪ್ರೊಪೆಲ್ಲರ್ ಷಾಫ್ಟಿನ ಕ್ರಾಸ್ ಇರಬಾರದೇಕೆ? ಹೊರಡುವಾಗ ಅದೂ ಸದ್ದು ಮಾಡುತ್ತದೆ. ಇದನ್ನು ಬೇರೆ ಮಾಡಲು ಇಂಜಿನ್ ಆರಿಸಿ, ಹಿಂದಿನ ಚಕ್ರಗಳಿಗೆ ಹ್ಯಾಂಡ್ ಬ್ರೇಕ್ ಹಾಕಿ, ಇಬ್ಬರು ಗಾಡಿಯನ್ನು ಹಿಂದಿನಿಂದ ತಳ್ಳಿ ಎಳೆದು ಮಾಡಿದರು. ಚಕ್ರ ತಿರುಗದು, ಷಾಫ್ಟಿಗೆ ಬಲ ಬೀಳದು, ಆದರೂ ‘ಟಕ್’. ಪಕ್ಕದಲ್ಲಿ ಕುಳಿತವರ ಬೆರಳಿಗೆ ಎಡ ಬ್ಲೇಡಿನ ಮುಂದಿನ ಕಣ್ಣಿನಲ್ಲಿ ಅದು ಸ್ಪಷ್ಟವಾಗಿ ತಾಗಿತು. ಆಕ್ಸಲನ್ನು ಹಿಡಿದ ಯು ಬೋಲ್ಟುಗಳಿಗೆ ಸ್ಪ್ಯಾನರು ಹಾಕಿ ನೋಡಿದರೆ ಅವು ಬಿಗಿಯಾಗಿದ್ದವು. ಬೋಲ್ಟು ಬಿಚ್ಚಿದಾಗ ಕೆಲವೇ ತಿಂಗಳ ಹಿಂದೆ ಹಾಕಿದ ಬುಷ್‌ನ ರಬ್ಬರು ಸುತ್ತಲೂ ಹರಿದು, ಒಳಗಿನ ಕಬ್ಬಿಣದ ಕೊಳವೆ ಸಡಿಲವಾಗಿ ಕುಣಿಯುತ್ತಿತ್ತು. ಮೂಟೆಯ ಭಾರ ಬಿದ್ದಾಗ ಕೊಳವೆ ಒಂದೇ ಬದಿಗೆ ಒತ್ತಿಕೊಂಡಿರುತ್ತಿದ್ದುದರಿಂದ ಹಳ್ಳದಲ್ಲಿ ಸದ್ದಿಲ್ಲ. ಬ್ಲೇಡ್ ಸೆಟ್ಟು ಚೆನ್ನಾಗಿಯೇ ಇತ್ತು. ಬೇಕಾದದ್ದು ಒಂದು ಬುಷ್, ಒಂದು ಗಂಟೆಯ ಕೆಲಸ. ಮುಂಗಡದ ಅರ್ಜಿ ವಾಪಸಾಯಿತು.

ರಬ್ಬರಿನ ಬಗ್ಗೆ ಎರಡು ಮಾತು

ಹೊಸ ಬುಷ್ ಅಷ್ಟು ಬೇಗ ಹರಿದದ್ದೇಕೆ? ಈ ಬಗೆಯ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಒಳಕೊಳವೆಯನ್ನು ಬೋಲ್ಟು ಬಿಗಿ ಹಿಡಿದಿರುತ್ತದೆ, ಹೊರಭಾಗ ಬ್ಲೇಡಿನೊಡನೆ ಆಡುತ್ತದೆ, ನಡುವಿನ ರಬ್ಬರು ತಿರುಚಿ ಸರಿಹೋಗುತ್ತದೆ. ಗಾಡಿಯನ್ನು ಜಾಕಿನ ಮೇಲೆ ಎತ್ತಿ ಚಕ್ರ ನೇತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲಿರುತ್ತದೆ. ಮೇಲೆ ಪ್ರತಿ ಹಳ್ಳಕ್ಕೂ ಇನ್ನಷ್ಟು ತಿರುಚು. ಅದು ಹರಿಯದೆ ಇನ್ನೇನಾದೀತು? ಆದುದರಿಂದ ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಸಲ ಒತ್ತಿ ಬಿಟ್ಟು, ಕೊನೆಗೆ ಬಿಗಿಯಬೇಕು. ಜೀಪಾಗಲಿ, ಮಾರುತಿಯಾಗಲಿ, ತಿರುಚಿಕೊಳ್ಳುವ ಬುಷ್ ಇದ್ದಲ್ಲೆಲ್ಲ ಇದೇ ನಿಯಮ. ಕೆಲಸ ಮಾಡಿಸುವಾಗ ಮೆಕ್ಯಾನಿಕ್‌ಗೆ ವಿನಯದಿಂದ ಈ ಮಾತನ್ನು ನೆನಪಿಸಿ.

ಎರಡನೆಯದು ಎಣ್ಣೆ. ಗಾಡಿ ತೊಳೆಸಿದ ಮೇಲೆ ಅಡಿಗೆಲ್ಲ ಡೀಸೆಲ್ಲು ಅಥವಾ ಹಳೆಯ ಇಂಜಿನ್ ಆಯಿಲ್ಲು ಸಿಂಪಡಿಸುವ ಪದ್ಧತಿ ನಮ್ಮಲ್ಲಿದೆ. ಕಬ್ಬಿಣಕ್ಕೆ ತುಕ್ಕು ತಡೆದೀತು, ಆದರೆ ರಬ್ಬರು ಅದನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಬ್ಲೇಡುಗಳ ನಡುವೆ ಗ್ರೀಸು ಹಚ್ಚಬಹುದು; ಗ್ರೀಸ್ ನಿಪ್ಪಲ್ ಇರುವಲ್ಲಿ ತಪ್ಪದೆ ಗ್ರೀಸು ಹೊಡೆಸಬೇಕು; ರಬ್ಬರಿಗೆ ಮಾತ್ರ ಎಣ್ಣೆ ಸೋಕಿಸಬಾರದು. ಸದ್ದು ನಿಲ್ಲಲೆಂದು ಬುಷ್‌ಗೆ ಎಣ್ಣೆ ಬಿಟ್ಟರೆ ಇವತ್ತಿನ ಮೌನಕ್ಕೆ ನಾಳಿನ ಬುಷ್ ಬಲಿ.

ತಕ್ಷಣ ನಿಲ್ಲಿಸತಕ್ಕ ಸದ್ದುಗಳು

ಎಲ್ಲ ಸದ್ದೂ ಸಾವಧಾನವಾಗಿ ಹುಡುಕತಕ್ಕದ್ದಲ್ಲ. ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಾಗಲಿ, ಗರಿಕೆಕಂಡಿ ದಾಟಿ ಬರ್ಗೂರು ಘಟ್ಟ ಇಳಿಯುವಾಗಲಾಗಲಿ, ಮುಂದಿನ ಚಕ್ರ ಕಳಚಿದರೆ ಮಾಡುವುದೇನೂ ಉಳಿಯುವುದಿಲ್ಲ. ಈ ಕೆಳಗಿನವು ಕಂಡರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಬೇಕು:

ಚಕ್ರದ ನಟ್ಟು ಸಡಿಲ. ಬಾಲ್ ಜಾಯಿಂಟ್, ಕಿಂಗ್ ಪಿನ್ ಅಥವಾ ಟೈ ರಾಡ್ ತುದಿಯಲ್ಲಿ ಕಣ್ಣಿಗೆ ಕಾಣುವ ಆಟ. ಮುಖ್ಯ ಬ್ಲೇಡು ತುಂಡಾಗಿ ಗಾಡಿ ಒಂದು ಕಡೆ ವಾಲಿರುವುದು. ಯು ಬೋಲ್ಟು ಅಥವಾ ನಡುಬೋಲ್ಟು ಮುರಿದು ಆಕ್ಸಲು ಓರೆಯಾಗಿರುವುದು. ಸುರುಳಿ ಸ್ಪ್ರಿಂಗು ಮುರಿದಿರುವುದು. ಸದ್ದಿನ ಜೊತೆಗೆ ಸ್ಟೀರಿಂಗು ತಾನಾಗಿ ಒಂದು ಕಡೆ ಎಳೆಯುವುದು.

ಇನ್ನೊಂದು ಸಂಗತಿ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಆ ಪರೀಕ್ಷೆಗೆ ಒಯ್ಯುವ ಹಿಂದಿನ ದಿನ ಅಡಿ ನೋಡುವ ಬದಲು, ಪ್ರತಿ ವರ್ಷ ಕೊಯ್ಲಿಗೆ ಮುಂಚೆ, ಹಿಂಗಾರು ಮಳೆ ನಿಂತ ಕೂಡಲೇ ಒಮ್ಮೆ ನೋಡಿಬಿಟ್ಟರೆ ಮೂಟೆ ಹೇರುವ ಕಾಲಕ್ಕೆ ಗಾಡಿ ಕೈಕೊಡದು.

ಕೊನೆಯದಾಗಿ ನೆನಪಿಡಬೇಕಾದ ಐದು ಅಂಶಗಳು: ಸದ್ದು ಯಾವಾಗ ಬರುತ್ತದೆಂದು ಬರೆದಿಡಿ. ಗಾಡಿ ಖಾಲಿ ಮಾಡಿ ಓಡಿಸಿ ನೋಡಿ. ಬಿಚ್ಚುವ ಮೊದಲು ಕೈಯಿಂದ, ಕಿವಿಯಿಂದ ಜಾಗ ಗುರುತಿಸಿ. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಿ, ಮತ್ತೆ ಅದೇ ರಸ್ತೆಯಲ್ಲಿ ಪರೀಕ್ಷಿಸಿ. ಹೊಸ ಸಾಮಾನು ಹಾಕಿದೆ ಎಂಬ ಕಾರಣಕ್ಕೆ ಅದನ್ನು ಅನುಮಾನದಿಂದ ಹೊರಗಿಡಬೇಡಿ.

ಬದಲಾಯಿಸಿದ ಹಳೆಯ ಸಾಮಾನನ್ನು ಗ್ಯಾರೇಜಿನಲ್ಲೇ ಬಿಟ್ಟು ಬರದೆ ಕೇಳಿ ತೆಗೆದುಕೊಳ್ಳಿ. ಹರಿದ ಬುಷ್‌ವೊಂದನ್ನು ಸಂಘದ ಕಚೇರಿಯ ಮೇಜಿನ ಮೇಲೆ ಇಟ್ಟಿದ್ದೇವೆ. ರಸಗೊಬ್ಬರಕ್ಕೆಂದು ಬಂದವರು ಕೈಯಲ್ಲಿ ಹಿಡಿದು ನೋಡಬಹುದು. ಹತ್ತು ಪುಟ ಓದಿದ್ದಕ್ಕಿಂತ ಅದು ಹೆಚ್ಚು ಕಲಿಸೀತು.